ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯದಿದ್ದರೆ: ಕಾರಿನ ಇಮ್ಮೊಬಿಲೈಸರ್ ದೋಷವನ್ನು ಪತ್ತೆಹಚ್ಚುವ ಕ್ರಮ

ರಾತ್ರಿ ಯಾವ ತಕರಾರೂ ಇಲ್ಲದೆ ಮನೆಗೆ ಬಂದು ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಸೆಲ್ಫ್ ಎಂದಿನಂತೆಯೇ ಹೊಡೆಯುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಆದರೂ ಎಂಜಿನ್ ಹಿಡಿಯುವುದಿಲ್ಲ. ಅಥವಾ ಒಂದೆರಡು ಸೆಕೆಂಡು ಹಿಡಿದಂತೆ ಮಾಡಿ ಆರಿಹೋಗುತ್ತದೆ. ಮೀಟರ್‌ನತ್ತ ನೋಡಿದರೆ ಕೀಯ ಚಿತ್ರವೋ, ಕಾರಿನ ಚಿತ್ರದ ಮೇಲೆ ಬೀಗವೋ ಇರುವ ಪುಟ್ಟ ದೀಪವೊಂದು ಮಿಟುಕುತ್ತಿರುತ್ತದೆ. ಕಳ್ಳನನ್ನು ತಡೆಯಬೇಕಾದ ಇಮ್ಮೊಬಿಲೈಸರ್ ಎಂಬ ವ್ಯವಸ್ಥೆ ಮಾಲೀಕನನ್ನೇ ಗುರುತಿಸದೆ ನಿಂತಿದೆ ಎಂಬುದರ ಸೂಚನೆ ಅದು. ಹೀಗಾದಾಗ ಬಹಳ ಜನ ನೇರವಾಗಿ ಟೋಯಿಂಗ್ ಗಾಡಿಗೆ ಫೋನ್ ಮಾಡುತ್ತಾರೆ. ಮುಂದೆ ವರ್ಕ್‌ಶಾಪಿನಲ್ಲಿ ‘ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಹೋಗಿದೆ’ ಎಂಬ ಮಾತು ಕೇಳಿ ಗಾಬರಿಯಾಗುತ್ತಾರೆ. ನಾನು ಕಂಡಂತೆ ದೋಷ ಇಸಿಎಂವರೆಗೆ ಹೋಗುವುದು ಅಪರೂಪ. ಅದು ಹೆಚ್ಚಾಗಿ ಕೀಯಲ್ಲಿ, ಬ್ಯಾಟರಿಯಲ್ಲಿ, ಇಲ್ಲವೇ ಯಾರೋ ನಡುವೆ ಕತ್ತರಿಸಿ ಜೋಡಿಸಿದ ವೈರಿನಲ್ಲಿ ಇರುತ್ತದೆ. ಈ ಮೂರನ್ನೂ ಮನೆಯ ಮುಂದೆಯೇ, ಒಂದು ಮಲ್ಟಿಮೀಟರ್ ಮತ್ತು ತುಸು ತಾಳ್ಮೆಯಿಂದ ಪರೀಕ್ಷಿಸಬಹುದು.

ಪರೀಕ್ಷೆಗೆ ಇಳಿಯುವ ಮೊದಲು ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ತಿಳಿದಿರಬೇಕು. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಟ್ರಾನ್ಸ್‌ಪಾಂಡರ್ ಎಂಬ ಸಣ್ಣ ಚಿಪ್ ಇರುತ್ತದೆ. ಇಗ್ನಿಷನ್ ಲಾಕಿನ ಬಾಯಿಯ ಸುತ್ತ, ಪ್ಲಾಸ್ಟಿಕ್ ಹೊದಿಕೆಯ ಅಡಿಯಲ್ಲಿ, ತಾಮ್ರದ ತಂತಿ ಸುತ್ತಿದ ಉಂಗುರದಂಥ ಆಂಟೆನಾ ಇರುತ್ತದೆ. ಇಗ್ನಿಷನ್ ಆನ್ ಆದೊಡನೆ ಈ ಉಂಗುರವು 125 ಅಥವಾ 134 ಕಿಲೋಹರ್ಟ್ಸ್ ಆಸುಪಾಸಿನ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಚಿಪ್ ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ತನ್ನ ಗುರುತನ್ನು ತಿಳಿಸುತ್ತದೆ. ಆ ಗುರುತು ಸರಿಯಾಗಿದ್ದರೆ ಇಮ್ಮೊಬಿಲೈಸರ್ ಘಟಕವು ಇಸಿಎಂಗೆ ಅನುಮತಿ ಕೊಡುತ್ತದೆ, ಇಲ್ಲವಾದರೆ ಕೊಡುವುದಿಲ್ಲ. ಮಾರುತಿ ಸುಝುಕಿಯವರು ಇದನ್ನು ಐಕ್ಯಾಟ್ಸ್ ಎಂದು ಕರೆದರೆ, ಹ್ಯುಂಡೈ ಗಾಡಿಗಳಲ್ಲಿ ಆಂಟೆನಾಗೆ ಹೊಂದಿಕೊಂಡ ಘಟಕಕ್ಕೆ ಸ್ಮಾರ್ಟ್ರಾ ಎಂಬ ಹೆಸರಿದೆ. ಯುರೋಪಿಯನ್ ಒಕ್ಕೂಟದಲ್ಲಿ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ 1998ರಿಂದಲೇ ಕಡ್ಡಾಯವಾಗಿದೆ; ಅದರ ಮೂಲ ತತ್ತ್ವ ಅಂದಿನಿಂದ ಇಂದಿನವರೆಗೆ ಹೆಚ್ಚು ಬದಲಾಗಿಲ್ಲ.

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ಆರಂಭದಲ್ಲೇ ಬಿಡಿಸಿಕೊಳ್ಳಬೇಕು. ಬಾಗಿಲು ತೆರೆಯುವ ರಿಮೋಟ್ ಬೇರೆ, ಚಿಪ್ ಬೇರೆ. ರಿಮೋಟ್ ತನ್ನ ಪುಟ್ಟ ಬಟನ್ ಸೆಲ್ಲಿನಿಂದ, ನಮ್ಮಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ, ಕೆಲಸ ಮಾಡುತ್ತದೆ. ಚಿಪ್‌ಗೆ ಸೆಲ್ ಬೇಕಿಲ್ಲ. ಆದ್ದರಿಂದ ‘ರಿಮೋಟ್ ಸರಿಯಿದೆ, ಹಾಗಾಗಿ ಕೀಯೂ ಸರಿಯಿದೆ’ ಎಂಬ ತರ್ಕ ನಿಲ್ಲುವುದಿಲ್ಲ. ಹಾಗೆಯೇ ಕೀ ತೂರಿಸಿ ತಿರುಗಿಸುವ ಗಾಡಿಯಲ್ಲಿ ರಿಮೋಟಿನ ಸೆಲ್ ಸತ್ತಿದ್ದರಿಂದಲೇ ಎಂಜಿನ್ ಸ್ಟಾರ್ಟ್ ಆಗಲಿಲ್ಲ ಎನ್ನುವುದೂ ಸರಿಯಲ್ಲ.

ಮೊದಲು ದೀಪವನ್ನು ಗಮನಿಸಿ

ಕೀಯನ್ನು ಆನ್ ಸ್ಥಾನಕ್ಕೆ ತಂದು, ಸೆಲ್ಫ್ ಹೊಡೆಯದೆ, ಹತ್ತು ಸೆಕೆಂಡು ಸುಮ್ಮನೆ ಮೀಟರ್ ನೋಡಿ. ಇಮ್ಮೊಬಿಲೈಸರ್ ದೀಪವು ಕೆಲವು ಸೆಕೆಂಡು ಉರಿದು ತಾನಾಗಿ ಆರಿದರೆ ಕಾರು ಕೀಯನ್ನು ಒಪ್ಪಿಕೊಂಡಿದೆ ಎಂದರ್ಥ. ಆಗ ದೋಷವನ್ನು ಬೇರೆಡೆ ಹುಡುಕಬೇಕು. ಇಗ್ನಿಷನ್ ಆನ್ ಇರುವಾಗಲೇ ದೀಪ ಒಂದೇ ಸಮನೆ ಮಿಟುಕುತ್ತಿದ್ದರೆ ಕಾರು ಕೀಯನ್ನು ಒಪ್ಪಿಲ್ಲ. ಆಗ ಕೀಯನ್ನು ಪೂರ್ತಿ ಲಾಕ್ ಸ್ಥಾನಕ್ಕೆ ತಂದು, ಹೊರತೆಗೆದು, ಅರ್ಧ ನಿಮಿಷ ಬಿಟ್ಟು ಮತ್ತೆ ಆನ್ ಮಾಡಿ ನೋಡಿ; ಒಮ್ಮೆ ತಪ್ಪಿದ ಸಂಭಾಷಣೆ ಎರಡನೆಯ ಸಲ ಕೂಡಿಬರುವುದುಂಟು. ಇನ್ನು ಗಾಡಿ ಆಫ್ ಆಗಿರುವಾಗ, ಕೀ ಹೊರಗಿರುವಾಗ ಕೆಂಪು ದೀಪ ಮಿಟುಕುವುದು ಟೊಯೊಟಾ ಮೊದಲಾದ ಅನೇಕ ಕಾರುಗಳಲ್ಲಿ ಸಹಜವೇ. ಅದು ‘ಕಾವಲು ಇದೆ’ ಎಂದು ಹೊರಗಿನವರಿಗೆ ತೋರಿಸುವ ದೀಪ. ಅದನ್ನು ಕಂಡು ದೋಷವೆಂದು ತಿಳಿದು, ಚೆನ್ನಾಗಿದ್ದ ಕೀಯನ್ನು ಬಿಚ್ಚಿ ಹಾಳುಮಾಡಿಕೊಂಡವರೂ ಇದ್ದಾರೆ.

ದೀಪದ ಜೊತೆಗೆ ಎಂಜಿನ್ ಹೇಗೆ ವರ್ತಿಸುತ್ತದೆ ಎಂಬುದನ್ನೂ ನೋಡಬೇಕು, ಏಕೆಂದರೆ ಎಲ್ಲ ಕಂಪನಿಗಳೂ ಒಂದೇ ರೀತಿಯಲ್ಲಿ ತಡೆ ಹಾಕುವುದಿಲ್ಲ. ಕೆಲವು ಗಾಡಿಗಳಲ್ಲಿ ಸೆಲ್ಫ್ ತಿರುಗುತ್ತದೆ, ಆದರೆ ಇಂಧನ ಮತ್ತು ಸ್ಪಾರ್ಕ್ ಸಿಗುವುದಿಲ್ಲ. ಕೆಲವದರಲ್ಲಿ ಸೆಲ್ಫಿಗೆ ವಿದ್ಯುತ್ ಬಿಡುವ ಸ್ವಿಚ್ ಆದ ಸ್ಟಾರ್ಟರ್ ರಿಲೇಗೇ ಅನುಮತಿ ಇಲ್ಲದೆ ಏನೂ ತಿರುಗುವುದಿಲ್ಲ. ಫೋಕ್ಸ್‌ವ್ಯಾಗನ್ ಬಳಗದ ಅನೇಕ ಕಾರುಗಳಲ್ಲಿ ಎಂಜಿನ್ ಹಿಡಿದು ಒಂದೆರಡು ಸೆಕೆಂಡಿನಲ್ಲೇ ನಿಲ್ಲುತ್ತದೆ. ಪ್ರತಿ ಬಾರಿಯೂ ಅಷ್ಟೇ ಹೊತ್ತಿಗೆ ಕರಾರುವಾಕ್ಕಾಗಿ ನಿಲ್ಲುವುದೇ ಇದರ ಲಕ್ಷಣ. ಪೆಟ್ರೋಲ್ ಪಂಪು ಸೋತ ಗಾಡಿ ಹೀಗೆ ಲೆಕ್ಕ ಹಾಕಿ ನಿಲ್ಲುವುದಿಲ್ಲ, ಮುಗ್ಗರಿಸಿ ನಿಲ್ಲುತ್ತದೆ.

ದೀಪ ಆರಿದ್ದೂ ಎಂಜಿನ್ ಹಿಡಿಯದಿದ್ದರೆ ಎರಡು ಸುಲಭ ಪರೀಕ್ಷೆಗಳಿವೆ. ಪೆಟ್ರೋಲ್ ಗಾಡಿಯಾದರೆ ಇಗ್ನಿಷನ್ ಆನ್ ಮಾಡಿದ ಕ್ಷಣ ಹಿಂಬದಿಯ ಸೀಟಿನ ಕಡೆಯಿಂದ ಪಂಪಿನ ಸಣ್ಣ ಗುಂಯ್ ಸದ್ದು ಒಂದೆರಡು ಸೆಕೆಂಡು ಕೇಳಬೇಕು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ತುಸುವಾದರೂ ಮೇಲೇಳಬೇಕು. ಅದು ಸೊನ್ನೆಯಲ್ಲೇ ಕುಳಿತಿದ್ದರೆ ಎಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಬಹುದು. ಇನ್ನು ಕೀಯೇ ತಿರುಗುತ್ತಿಲ್ಲ, ಸ್ಟೀರಿಂಗ್ ಬಿಗಿಯಾಗಿದೆ ಎಂದಾದರೆ ಅದು ಸ್ಟೀರಿಂಗ್ ಲಾಕ್ ಅಷ್ಟೇ. ಸ್ಟೀರಿಂಗನ್ನು ಎಡಬಲಕ್ಕೆ ಅಲುಗಿಸುತ್ತ ಕೀ ತಿರುಗಿಸಿದರೆ ಬಿಡುತ್ತದೆ.

ಬ್ಯಾಟರಿಯನ್ನು ನಂಬಬೇಡಿ

ಇಮ್ಮೊಬಿಲೈಸರ್ ದೋಷದಂತೆಯೇ ವೇಷ ಹಾಕುವುದರಲ್ಲಿ ಸೋತ ಬ್ಯಾಟರಿಗೆ ಸಾಟಿಯಿಲ್ಲ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದರೆ ಕಂಪ್ಯೂಟರ್ ಘಟಕಗಳು ನಡುವೆಯೇ ಮಂಕಾಗಿ ಮತ್ತೆ ಎಚ್ಚರಗೊಳ್ಳುತ್ತವೆ, ಕೀಯೊಡನೆ ನಡೆಯುತ್ತಿದ್ದ ಸಂಭಾಷಣೆ ಕಡಿದುಹೋಗುತ್ತದೆ, ದೀಪ ಮಿಟುಕುತ್ತದೆ. ಹೆಡ್‌ಲೈಟ್ ಉರಿಯುತ್ತಿದೆ ಎಂಬುದು ಬ್ಯಾಟರಿ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಮಲ್ಟಿಮೀಟರ್ ಹಿಡಿದರೆ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ರ ಹತ್ತಿರವಿದ್ದರೆ ಚಾರ್ಜ್ ಅರ್ಧಕ್ಕೆ ಇಳಿದಿದೆ. ಆದರೆ ನಿಜವಾದ ಪರೀಕ್ಷೆ ಇದಲ್ಲ. ಮನೆಯವರೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ, ಆ ಹೊತ್ತಿನಲ್ಲಿ ಮಲ್ಟಿಮೀಟರ್ ನೋಡಿ, 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಬ್ಯಾಟರಿಯನ್ನು ಚಾರ್ಜ್ ಮಾಡಿಸದೆ, ಅಥವಾ ಬದಲಿಸದೆ, ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಟರ್ಮಿನಲ್ ಮೇಲೆ ಹಸಿರು ಬಿಳಿ ಪುಡಿ ಕೂತಿದೆಯೇ, ಕ್ಲ್ಯಾಂಪನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಅಲುಗುತ್ತದೆಯೇ, ಮೈನಸ್ ವೈರು ಬಾಡಿಗೆ ಸೇರುವ ಅರ್ಥಿಂಗ್ ಬೋಲ್ಟ್ ಸಡಿಲವಾಗಿದೆಯೇ ಎಂದೂ ನೋಡಬೇಕು. ಒಂದೊಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ಹಠ ಹಿಡಿದು ಹೊಡೆಯುತ್ತ ಹೋದರೆ ಇದ್ದ ಒಂದು ದೋಷದ ಜೊತೆಗೆ ಎರಡನೆಯದನ್ನು ಸೇರಿಸಿಕೊಂಡಂತಾಗುತ್ತದೆ.

ಬ್ಯಾಟರಿ ವೈರು ಕಳಚಿ ಹತ್ತು ನಿಮಿಷ ಬಿಟ್ಟು ಹಾಕಿದರೆ ‘ಎಲ್ಲ ರೀಸೆಟ್ ಆಗುತ್ತದೆ’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಕೀಗಳ ಗುರುತುಗಳು ವಿದ್ಯುತ್ ಇಲ್ಲದಿದ್ದರೂ ಅಳಿಯದ ಮೆಮೊರಿಯಲ್ಲಿರುವುದರಿಂದ ಅವು ಹೀಗೆ ಅಳಿಯುವುದೂ ಇಲ್ಲ, ಮರಳುವುದೂ ಇಲ್ಲ. ಹೆಪ್ಪುಗಟ್ಟಿ ಕೂತ ಯಾವುದಾದರೂ ಘಟಕ ಎಚ್ಚೆತ್ತುಕೊಳ್ಳಬಹುದು, ಅಷ್ಟೇ. ಇಗ್ನಿಷನ್ ಆನ್ ಇಟ್ಟು ಹತ್ತು ನಿಮಿಷ ಕಾಯುವುದನ್ನು ಮೂರು ಸಲ ಮಾಡಿ ಎಂದು ಅಮೆರಿಕದ ವಿಡಿಯೋಗಳಲ್ಲಿ ತೋರಿಸುವ ವಿಧಾನ ಅಲ್ಲಿನ ಜನರಲ್ ಮೋಟರ್ಸ್‌ನ ಕೆಲವು ಗಾಡಿಗಳದ್ದು. ನಮ್ಮ ಹ್ಯಾಚ್‌ಬ್ಯಾಕಿನಲ್ಲಿ ಹಾಗೆ ಮಾಡಿದರೆ ಬ್ಯಾಟರಿ ಇನ್ನಷ್ಟು ಇಳಿಯುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಕೀಯನ್ನು ಪರೀಕ್ಷಿಸುವುದು

ಬ್ಯಾಟರಿ ಸರಿಯಿದೆ, ದೀಪ ಮಿಟುಕುತ್ತಲೇ ಇದೆ ಎಂದಾದ ಮೇಲೆ ಮಾಡಬೇಕಾದ ಅತ್ಯಂತ ಬೆಲೆಬಾಳುವ ಪರೀಕ್ಷೆಗೆ ಒಂದು ಪೈಸೆಯೂ ಖರ್ಚಿಲ್ಲ: ಬೀರುವಿನಲ್ಲಿಟ್ಟ ಎರಡನೆಯ ಕೀಯನ್ನು ತಂದು ಹಾಕಿ ನೋಡುವುದು. ಅದರಿಂದ ಸ್ಟಾರ್ಟ್ ಆದರೆ ದೋಷ ಮೊದಲ ಕೀಯಲ್ಲಿದೆ; ಆಂಟೆನಾ, ವೈರಿಂಗ್, ಇಸಿಎಂ ಎಲ್ಲವೂ ನಿರ್ದೋಷಿ. ಎರಡರಿಂದಲೂ ಆಗದಿದ್ದರೆ ದೋಷ ಗಾಡಿಯ ಕಡೆಯದು. ಈ ಒಂದು ಪರೀಕ್ಷೆ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ಮೊದಲ ಕೀಯನ್ನು ಪರೀಕ್ಷಿಸುವಾಗ ಅದನ್ನು ಗೊಂಚಲಿನಿಂದ ಬಿಡಿಸಿ ಒಂಟಿಯಾಗಿ ಹಾಕಿ. ಇನ್ನೊಂದು ಕಾರಿನ ಚಿಪ್ ಕೀ ಅದೇ ಗೊಂಚಲಿನಲ್ಲಿದ್ದರೆ ಆಂಟೆನಾಗೆ ಎರಡು ಉತ್ತರಗಳು ಒಟ್ಟಿಗೆ ಕೇಳಿ ಗೊಂದಲವಾಗಬಹುದು. ಕೀಯ ತಲೆಗೆ ತಾಗಿಕೊಂಡ ಲೋಹದ ದಪ್ಪ ಬಳೆಯೂ ಕ್ಷೇತ್ರವನ್ನು ಕೆಡಿಸಬಲ್ಲದು. ಒಂದೇ ಮನೆಯಲ್ಲಿ ಎರಡು ಕಾರು ಇರುವವರು ಎರಡರ ಕೀಗಳನ್ನೂ ಒಂದೇ ಬಳೆಗೆ ಹಾಕದಿರುವುದು ಒಳ್ಳೆಯದು.

ಶಿರಸಿಯಲ್ಲಿರುವ ನಮ್ಮ ಭಾವನವರ ಕಾರಿನ ಪ್ರಸಂಗವನ್ನು ಇಲ್ಲಿ ಹೇಳಬೇಕು. ಕೀಯ ರಬ್ಬರ್ ಗುಂಡಿಗಳು ಹರಿದುಹೋಗಿದ್ದರಿಂದ ಸಂಜೆ ಪೇಟೆಯಲ್ಲಿ ಅದರ ಹೊರಕವಚವನ್ನಷ್ಟೇ ಬದಲಾಯಿಸಿಕೊಂಡು ಬಂದಿದ್ದರು. ಬಾಗಿಲು ತೆರೆಯಿತು, ಕೀ ತಿರುಗಿತು, ಸೆಲ್ಫ್ ಹೊಡೆಯಿತು, ಎಂಜಿನ್ ಮಾತ್ರ ಹಿಡಿಯಲಿಲ್ಲ. ಹಳೆಯ ಕವಚ ಏನಾಯಿತು ಎಂದು ಫೋನಿನಲ್ಲಿ ಕೇಳಿದೆ. ಅದೃಷ್ಟಕ್ಕೆ ಅಂಗಡಿಯವನು ಅದನ್ನು ಒಂದು ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ ಇವರ ಕೈಗೇ ಕೊಟ್ಟಿದ್ದ. ಅದರ ತಲೆಯ ಮೂಲೆಯಲ್ಲಿ, ಬ್ಯಾಟರಿ ಇರುವ ಹಸಿರು ಸರ್ಕ್ಯೂಟಿನಿಂದ ದೂರವಾಗಿ, ಒಂದು ಪುಟ್ಟ ಗೂಡಿನೊಳಗೆ ಕಪ್ಪು ಚಿಪ್ ಅಂಟಿಕೊಂಡೇ ಕೂತಿತ್ತು: 12 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲ, ಕಲ್ಲಿದ್ದಲಿನ ಚೂರಿನಂತೆ ಕಾಣುವ, ಯಾವ ವೈರೂ ಇಲ್ಲದ ತುಣುಕು. ಆ ಹಳೆಯ ಕವಚವನ್ನು ಇಗ್ನಿಷನ್ ಬಾಯಿಗೆ ತಾಗಿಸಿ ಹಿಡಿದು, ಹೊಸ ಕವಚದ ಕೀಯನ್ನು ತಿರುಗಿಸಲು ಹೇಳಿದೆ. ಎಂಜಿನ್ ಮೊದಲ ಸಲಕ್ಕೇ ಹಿಡಿಯಿತು. ಮರುದಿನ ಚಿಪ್ಪನ್ನು ಹೊಸ ಕವಚದ ಗೂಡಿಗೆ ಕೂರಿಸಿದ ಮೇಲೆ ಮುಂದೆ ತೊಂದರೆಯಾಗಲಿಲ್ಲ. ಕವಚ ಬದಲಿಸುವಾಗ ಎದುರಿಗೇ ನಿಂತು, ಚಿಪ್ ಹೊಸದಕ್ಕೆ ಬಂದಿತೇ ಎಂದು ನೋಡಿಕೊಳ್ಳಬೇಕು. ಕೆಲವು ಕೀಗಳಲ್ಲಿ ಅದು ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗಾಜಿನ ಕೊಳವೆಯಾಗಿರುತ್ತದೆ, ಕೀ ಗಟ್ಟಿ ನೆಲಕ್ಕೆ ಬಿದ್ದರೆ ಒಡೆಯಬಹುದು. ಇನ್ನು ಕೆಲವದರಲ್ಲಿ ರಿಮೋಟಿನ ಸರ್ಕ್ಯೂಟಿನ ಮೇಲೆಯೇ ಬೆಸೆದುಕೊಂಡಿರುವುದರಿಂದ ಬೇರೆಯಾಗಿ ಹುಡುಕಿದರೆ ಸಿಗುವುದಿಲ್ಲ.

ಡೂಪ್ಲಿಕೇಟ್ ಕೀಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಲ್ಲು ಕೊರೆದ ಬರಿಯ ಕಬ್ಬಿಣದ ಕೀ ಬಾಗಿಲು ತೆಗೆಯುತ್ತದೆ, ಎಂಜಿನ್ ಹಿಡಿಯಲು ಬಿಡುವುದಿಲ್ಲ. ಚಿಪ್ ಇರುವ ಡೂಪ್ಲಿಕೇಟ್‌ಗಳಲ್ಲಿಯೂ ಎರಡು ಬಗೆ: ಕಾರಿನ ಮೆಮೊರಿಗೆ ಹೊಸದಾಗಿ ಸೇರಿಸಿದ್ದು ಒಂದು, ಮೂಲ ಚಿಪ್ಪಿನ ಪಡಿಯಚ್ಚು ಮಾಡಿದ್ದು ಇನ್ನೊಂದು. ಎರಡನೆಯದನ್ನು ಕಾರು ಮೂಲ ಕೀ ಎಂದೇ ತಿಳಿಯುತ್ತದೆ. ಹೀಗಾಗಿ ಮುಂದೆಂದಾದರೂ ಮೂಲ ಕೀಯ ಗುರುತನ್ನು ಮೆಮೊರಿಯಿಂದ ತೆಗೆಸಿದರೆ ಪಡಿಯಚ್ಚಿನ ಕೀಯೂ ಅದೇ ಕ್ಷಣ ಕೆಲಸ ನಿಲ್ಲಿಸುತ್ತದೆ.

ಪುಶ್ ಬಟನ್ ಗಾಡಿಗಳಲ್ಲಿ ಕ್ರಮ ತುಸು ಬೇರೆ. ಅಲ್ಲಿ ಕೀ ಜೇಬಿನಲ್ಲಿದ್ದೇ ಉತ್ತರ ಕೊಡಬೇಕಾದ್ದರಿಂದ ಬಟನ್ ಸೆಲ್ ಮುಖ್ಯವಾಗುತ್ತದೆ. ‘ಕೀ ಕಾಣಿಸುತ್ತಿಲ್ಲ’ ಎಂಬ ಅರ್ಥದ ಸಂದೇಶ ಬಂದರೆ ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ, ಅಥವಾ ಕೀಯಿಂದಲೇ ಬಟನ್ ಒತ್ತಿ ನೋಡಿ; ಸೆಲ್ ಸತ್ತಿದ್ದರೂ ಒಳಗಿನ ಚಿಪ್ಪನ್ನು ಓದಲು ಅನೇಕ ಗಾಡಿಗಳಲ್ಲಿ ಬಟನ್ನಿನ ಹಿಂದೆಯೇ ಆಂಟೆನಾ ಇರುತ್ತದೆ. ಕೆಲವು ಗಾಡಿಗಳಲ್ಲಿ ಆ ಜಾಗ ಸ್ಟೀರಿಂಗ್ ಕಾಲಂ ಪಕ್ಕದಲ್ಲೋ, ಗೇರ್ ಹತ್ತಿರದ ತಗ್ಗಿನೊಳಗೋ ಇರುತ್ತದೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಸಿಗುತ್ತದೆ. ಹೀಗೆ ಸ್ಟಾರ್ಟ್ ಆದರೆ ಸೆಲ್ ಬದಲಿಸಿ. ಸಿಆರ್2032 ಸಾಮಾನ್ಯವಾದರೂ ಹಳೆಯದರ ಮೇಲಿನ ಸಂಖ್ಯೆ ನೋಡಿಯೇ ಹೊಸದನ್ನು ಕೊಳ್ಳಬೇಕು. ಕೀಯನ್ನು ತಾಗಿಸಿದರೂ ಸ್ಟಾರ್ಟ್ ಆಗದಿದ್ದರೆ ಬ್ರೇಕ್ ಪೆಡಲ್ ಒತ್ತಿ ಹಿಂಬದಿಯ ಬ್ರೇಕ್ ದೀಪ ಉರಿಯುತ್ತದೆಯೇ ಎಂದು ನೋಡಿ. ಬ್ರೇಕ್ ಸ್ವಿಚ್ ಅಥವಾ ಕ್ಲಚ್ ಸ್ವಿಚ್ ಕೆಟ್ಟಿದ್ದರೆ ಕೀ ಎಷ್ಟೇ ಸರಿಯಿದ್ದರೂ ಬಟನ್ ಕಾರನ್ನು ಸ್ಟಾರ್ಟ್ ಮಾಡುವುದಿಲ್ಲ.

ಹೊರಗಿನಿಂದ ಹಾಕಿಸಿದ ಸೆಕ್ಯುರಿಟಿ ಸಿಸ್ಟಂ

ಕಡಿಮೆ ಬೆಲೆಯ ಮಾದರಿ ಕೊಂಡು, ಸೆಂಟ್ರಲ್ ಲಾಕಿಂಗ್ ಮತ್ತು ಸೈರನ್ನನ್ನು ಅಕ್ಸೆಸರಿ ಅಂಗಡಿಯಲ್ಲಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಅಂಥದ್ದೊಂದು ತಮ್ಮ ಗಾಡಿಯಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಇಂಥ ಸಿಸ್ಟಂ ಇಗ್ನಿಷನ್ ಅಥವಾ ಪೆಟ್ರೋಲ್ ಪಂಪಿನ ವೈರನ್ನು ಕತ್ತರಿಸಿ ನಡುವೆ ಒಂದು ರಿಲೇ ಕೂರಿಸುತ್ತದೆ. ರಿಲೇ ಸೋತರೆ, ಅಥವಾ ತಿರುಚಿ ಟೇಪು ಸುತ್ತಿದ ಜಂಟಿ ಸಡಿಲವಾದರೆ, ಕಂಪನಿಯ ಇಮ್ಮೊಬಿಲೈಸರ್ ದೀಪ ಸರಿಯಾಗಿ ಆರಿದ್ದರೂ ಗಾಡಿ ನಿಂತುಬಿಡುತ್ತದೆ. ಹಳ್ಳದ ರಸ್ತೆಯಲ್ಲಿ ಕುಲುಕಿದಾಗ ಆಫ್ ಆಗಿ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಸ್ಟಾರ್ಟ್ ಆಗುವ ಕಾರಿನಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ಸ್ಟೀರಿಂಗ್ ಕೆಳಗೆ ಟಾರ್ಚ್ ಹಾಕಿ ನೋಡಿದರೆ ಕಂಪನಿಯ ಅಚ್ಚುಕಟ್ಟಾದ ವೈರಿಂಗಿನ ನಡುವೆ ಬೇರೆ ಬಣ್ಣದ, ಬೇರೆ ದಪ್ಪದ ವೈರುಗಳು ಹೊಳೆಯುವ ಕಪ್ಪು ಟೇಪಿನೊಂದಿಗೆ ಎದ್ದು ಕಾಣುತ್ತವೆ. ಅವನ್ನು ಎಳೆಯದೆ, ಇಗ್ನಿಷನ್ ಆನ್ ಮಾಡಿ ಒಂದೊಂದೇ ಜಂಟಿಯನ್ನು ಮೆಲ್ಲಗೆ ಅಲುಗಿಸಿ; ಪಂಪಿನ ಸದ್ದು ಬಂದು ಹೋಗುತ್ತಿದ್ದರೆ ದೋಷ ಸಿಕ್ಕಂತೆ. ಸಿಸ್ಟಂ ಬೇಡವೆನಿಸಿದರೆ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿಂದ ಅದನ್ನು ಪೂರ್ತಿ ತೆಗೆಸಿ, ಕತ್ತರಿಸಿದ ಮೂಲ ವೈರನ್ನು ಬೆಸುಗೆ ಹಾಕಿಸಿ, ಮೇಲೆ ಇನ್ಸುಲೇಷನ್ ಸ್ಲೀವ್ ಹೊದಿಸಬೇಕು. ಬರಿದೆ ತಿರುಚಿ ಟೇಪು ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಅದೇ ಕಥೆ ಮರಳುತ್ತದೆ.

ಮಳೆಗಾಲ ಎಂದೊಡನೆ ಇಲಿಗಳು ನೆನಪಾಗುತ್ತವೆ. ಬಾನೆಟ್ ಎತ್ತಿ ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ಉದ್ದಕ್ಕೂ, ಬ್ಯಾಟರಿ ತಟ್ಟೆಯ ಹಿಂದೆ, ಹಿಕ್ಕೆ ಅಥವಾ ಕಡಿದ ವೈರಿನ ಚೂರು ಬಿದ್ದಿದೆಯೇ ಎಂದು ನೋಡಲು ಎರಡು ನಿಮಿಷ ಸಾಕು.

ಫ್ಯೂಸು, ಆಂಟೆನಾ ಮತ್ತು ಸ್ಕ್ಯಾನರ್

ಎರಡೂ ಕೀಗಳಿಂದ ದೀಪ ಮಿಟುಕುತ್ತಿದ್ದರೆ, ಅಥವಾ ಬೇರೆಲ್ಲ ದೀಪ ಉರಿದು ಇದೊಂದು ಮಾತ್ರ ಉರಿಯದಿದ್ದರೆ, ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಬದಿಯ ಚಿತ್ರ ನೋಡಿ ಇಮ್ಮೊಬಿಲೈಸರ್, ಬಿಸಿಎಂ (ದೀಪ, ಬಾಗಿಲು ಮೊದಲಾದವನ್ನು ನಿಯಂತ್ರಿಸುವ ಘಟಕ), ಇಸಿಎಂ ಹಾಗೂ ಇಗ್ನಿಷನ್ ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಬೇಕು. ಹೊಸದೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ, ಅಲ್ಲಿಗೆ ನಿಲ್ಲಿಸಬೇಕು.

ಆಂಟೆನಾ ಉಂಗುರವನ್ನು ಪರೀಕ್ಷಿಸಲು ಸ್ಟೀರಿಂಗ್ ಕಾಲಂ ಹೊದಿಕೆ ಬಿಚ್ಚಬೇಕಾಗುತ್ತದೆ. ಅದಕ್ಕೆ ಮೊದಲು ಬ್ಯಾಟರಿಯ ಮೈನಸ್ ಕಳಚಿ ಕೆಲವು ನಿಮಿಷ ಕಾಯಲೇಬೇಕು, ಹಳದಿ ಬಣ್ಣದ ಕಪ್ಲರುಗಳನ್ನು ಮುಟ್ಟಲೇಬಾರದು, ಅವು ಏರ್‌ಬ್ಯಾಗಿನವು. ಉಂಗುರದ ಕಪ್ಲರ್ ಸಡಿಲವಾಗಿದ್ದರೆ, ಪಿನ್ನುಗಳಲ್ಲಿ ಕಿಲುಬು ಇದ್ದರೆ ಬರಿಗಣ್ಣಿಗೇ ಕಾಣುತ್ತದೆ. ಬರಿಯ ಸುರುಳಿಯಷ್ಟೇ ಇರುವ ಆಂಟೆನಾ ಆಗಿದ್ದರೆ ಎರಡು ಪಿನ್ನುಗಳ ನಡುವೆ ಮಲ್ಟಿಮೀಟರ್ ಕಡಿಮೆ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ತಂತಿ ಒಳಗೆ ತುಂಡಾಗಿದೆ. ಈ ಕೆಲಸದಲ್ಲಿ ಕೈ ಪಳಗದವರು ಇದನ್ನು ಎಲೆಕ್ಟ್ರಿಷಿಯನ್‌ಗೆ ಬಿಡುವುದು ಲೇಸು.

ಮುಂದಿನದು ಸ್ಕ್ಯಾನರ್. ಮೊಬೈಲಿಗೆ ಬ್ಲೂಟೂತ್ ಮೂಲಕ ಸೇರುವ ಅಗ್ಗದ ಒಬಿಡಿ ಸಾಧನ ಎಂಜಿನ್ನಿನ ದೋಷ ಸೂಚಿಸುವ ಕೋಡುಗಳನ್ನು ಓದುತ್ತದೆ, ಆದರೆ ಇಮ್ಮೊಬಿಲೈಸರ್ ಅಥವಾ ಬಿಸಿಎಂ ಒಳಗಿನದನ್ನು ಸಾಮಾನ್ಯವಾಗಿ ತಲುಪುವುದಿಲ್ಲ. ಆದರೂ ಅದರಲ್ಲಿ ಪಿ0513 ಕಂಡರೆ ಕೀ ಸರಿಹೊಂದಿಲ್ಲ ಎಂದೂ, ಯು0167 ಕಂಡರೆ ಇಮ್ಮೊಬಿಲೈಸರ್ ಘಟಕದೊಡನೆ ಸಂಪರ್ಕವೇ ಕಡಿದಿದೆ ಎಂದೂ, ಪಿ0335 ಕಂಡರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟಿನತ್ತ ನೋಡಬೇಕೆಂದೂ ತಿಳಿಯುತ್ತದೆ. ಕಂಪನಿಯ ಸ್ಕ್ಯಾನರಿನಲ್ಲಿ, ಎಷ್ಟು ಕೀಗಳು ದಾಖಲಾಗಿವೆ, ಈಗ ಹಾಕಿರುವ ಕೀಯನ್ನು ಗಾಡಿ ಗುರುತಿಸಿದೆಯೇ ಎಂಬುದನ್ನೂ ಅನೇಕ ಗಾಡಿಗಳಲ್ಲಿ ನೋಡಬಹುದು. ವರ್ಕ್‌ಶಾಪಿನಲ್ಲಿ ಇಸಿಎಂ ಬದಲಿಸಬೇಕು ಎಂದರೆ ಈ ಪರದೆಯನ್ನು ತೋರಿಸಲು ವಿನಯದಿಂದಲೇ ಕೇಳಿ. ಇಮ್ಮೊಬಿಲೈಸರ್ ಘಟಕಕ್ಕೆ 12 ವೋಲ್ಟ್ ಮತ್ತು ಅರ್ಥಿಂಗ್ ತಲುಪುತ್ತಿದೆಯೇ ಎಂದು ಅಳೆದರೇ ಎಂದೂ ಕೇಳಿ. ಅಂದಾಜು ಖರ್ಚನ್ನು ಬರೆಸಿಕೊಳ್ಳದೆ ಒಪ್ಪಿಗೆ ಕೊಡಬೇಡಿ.

ಗುಜರಿಯಿಂದ ತಂದ ಅದೇ ಮಾದರಿಯ ಇಸಿಎಂ ಹಾಕಿದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಏಕೆಂದರೆ ಅದು ಹಿಂದಿನ ಕಾರಿನ ಗುರುತನ್ನು ಹೊತ್ತುಕೊಂಡೇ ಬಂದಿರುತ್ತದೆ. ಇಮ್ಮೊಬಿಲೈಸರನ್ನೇ ಶಾಶ್ವತವಾಗಿ ತೆಗೆದುಹಾಕಿಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಕೈಹಾಕಬಾರದು. ಆಮೇಲೆ ಚಿಪ್ ಇಲ್ಲದ ಯಾವ ಡೂಪ್ಲಿಕೇಟ್ ಕೀಯಿಂದಲೂ ಕಾರನ್ನು ಒಯ್ಯಬಹುದು, ಕಳವಾದ ಮೇಲೆ ವಿಮೆಯ ವಿಚಾರಣೆಯಲ್ಲಿ ಉತ್ತರ ಹೇಳುವುದೂ ಕಷ್ಟವಾಗುತ್ತದೆ. ಕಳವಿನ ಕ್ಲೇಮಿಗೆ ವಿಮಾ ಕಂಪನಿಗಳು ಎರಡೂ ಮೂಲ ಕೀಗಳನ್ನು ಕೇಳುವುದು ವಾಡಿಕೆ. ಹಾಗಾಗಿ ಒಂದು ಕೀ ಕಳೆದುಹೋದರೆ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಬೇಕು, ಹೊಸ ಕೀ ಮಾಡಿಸುವಾಗಲೇ ಕಳೆದುಹೋದದ್ದರ ಗುರುತನ್ನು ಮೆಮೊರಿಯಿಂದ ತೆಗೆಸಬೇಕು.

ರಿಪೇರಿ ಮುಗಿದ ಮೇಲೆ ವರ್ಕ್‌ಶಾಪಿನ ಅಂಗಳದಲ್ಲಿ ಒಂದು ಸಲ ಸ್ಟಾರ್ಟ್ ಆಯಿತೆಂದು ಹೊರಡಬೇಡಿ. ಎರಡೂ ಕೀಗಳನ್ನು ಒಂದಾದ ಮೇಲೊಂದರಂತೆ ಮೂರು ಮೂರು ಸಲ ಹಾಕಿ ನೋಡಿ, ಸ್ಕ್ಯಾನರಿನಲ್ಲಿ ದಾಖಲಾದ ಕೀಗಳ ಸಂಖ್ಯೆ ನಿಮ್ಮ ಕೈಯಲ್ಲಿರುವ ಕೀಗಳಷ್ಟೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಹೊಸ ಕಾರಿನ ಜೊತೆ ಕೀ ಸಂಖ್ಯೆ ಕೊರೆದ ಒಂದು ಪುಟ್ಟ ಬಿಲ್ಲೆ ಬಂದಿದ್ದರೆ ಅದನ್ನು ಗ್ಲೋವ್ ಬಾಕ್ಸಿನಲ್ಲಿ ಬಿಡದೆ, ಎರಡನೆಯ ಕೀಯ ಜೊತೆ ಮನೆಯ ಬೀರುವಿನಲ್ಲಿಡಿ.